ಆರೆಂಜ್ ಕೌಂಟಿಯ ಊರುಗಳು: ಕಿತ್ತಳೆ ತೋಟದಿಂದ ಕಡಲದಂಡೆಯವರೆಗೆ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ದಕ್ಷಿಣದಲ್ಲಿ, ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯೇಗೊಗಳ ನಡುವೆ, ಪೆಸಿಫಿಕ್ ಸಾಗರಕ್ಕೆ ಮುಖಮಾಡಿರುವ ಪ್ರದೇಶವೇ ಆರೆಂಜ್ ಕೌಂಟಿ. ಕೌಂಟಿ ಎಂದರೆ ಸ್ಥೂಲವಾಗಿ ನಮ್ಮ ಜಿಲ್ಲೆ. 1889ರಲ್ಲಿ ಲಾಸ್ ಏಂಜಲೀಸ್ ಕೌಂಟಿಯಿಂದ ಇದು ಬೇರೆಯಾಯಿತು. ಆಡಳಿತ ಕೇಂದ್ರ ಸಾಂಟಾ ಆನಾ. ಭೂವಿಸ್ತೀರ್ಣ ಸುಮಾರು 2,070 ಚದರ ಕಿ.ಮೀ., ಬೆಂಗಳೂರು ನಗರ ಜಿಲ್ಲೆಗಿಂತ ತುಸು ಕಡಿಮೆ. 2020ರ ಜನಗಣತಿಯಂತೆ ಜನಸಂಖ್ಯೆ ಸುಮಾರು 31.87 ಲಕ್ಷ. ಇಷ್ಟರೊಳಗೆ 34 ನಗರಗಳಿದ್ದು, ಪ್ರತಿಯೊಂದಕ್ಕೂ ತನ್ನದೇ ನಗರಸಭೆ ಇದೆ.

ಮೊದಲ ಸಲ ಬಂದವರಿಗೆ ಈ 34 ನಗರಗಳಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಫ್ರೀವೇ ಮೇಲಿಂದ ನೋಡಿದರೆ ಒಂದೇ ಬಣ್ಣದ ಮನೆಗಳು, ಒಂದೇ ಬಗೆಯ ಅಂಗಡಿ ಸಾಲು, ಮತ್ತೆ ಅದೇ ಪೆಟ್ರೋಲ್ ಬಂಕ್. ಒಂದು ಊರು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ಫಲಕ ಓದಿಯೇ ತಿಳಿಯಬೇಕು. ಆದರೆ ಇಳಿದು ನಡೆದಾಡಿದವರಿಗೆ ಊರೂರಿನ ಸ್ವಭಾವ ಬೇರೆ ಎಂಬುದು ಗೊತ್ತಾಗುತ್ತದೆ. ಆ ಸ್ವಭಾವವನ್ನು ನಿರ್ಧರಿಸಿದ್ದು ಎರಡು ಸಂಗತಿಗಳು: ಆ ನೆಲದಲ್ಲಿ ಮೊದಲು ಏನು ಬೆಳೆದರು, ಮತ್ತು ಆ ನೆಲ ಯಾರ ಕೈಯಲ್ಲಿ ಉಳಿಯಿತು. ಇಲ್ಲಿಗೆ ಓದಲು, ಕೆಲಸಕ್ಕೆ, ಅಥವಾ ಮಕ್ಕಳ ಮನೆಗೆ ಬರುವ ನಮ್ಮ ಸಮಾಜದವರು ಹೆಚ್ಚುತ್ತಿರುವುದರಿಂದ ಮುಖ್ಯ ಊರುಗಳ ಪರಿಚಯ ಇಲ್ಲಿದೆ. ಎಲ್ಲ 34 ನಗರಗಳ ವಿವರ ಕೊಡುವ ಉದ್ದೇಶ ಇಲ್ಲ.

ಉತ್ತರದ ತೋಟದೂರುಗಳು

ಕೌಂಟಿಯ ಅತಿ ದೊಡ್ಡ ನಗರ ಅನಹೈಮ್. 1857ರಲ್ಲಿ ಜರ್ಮನ್ ವಲಸಿಗರು ದ್ರಾಕ್ಷಿ ಬೆಳೆದು ಮದ್ಯ ತಯಾರಿಸಲೆಂದು ಕಟ್ಟಿದ ಊರಿದು. 1880ರ ದಶಕದಲ್ಲಿ ಬಳ್ಳಿಗಳಿಗೆ ರೋಗ ತಗುಲಿ ತೋಟಗಳೆಲ್ಲ ಒಣಗಿದವು. ಆ ರೋಗಕ್ಕೆ ಬಹುಕಾಲ ಈ ಊರಿನ ಹೆಸರೇ ಇತ್ತು. ದ್ರಾಕ್ಷಿಯ ಜಾಗಕ್ಕೆ ಅಕ್ರೂಟ್, ಕಿತ್ತಳೆ ಬಂದವು. 1955ರ ಜುಲೈ 17ರಂದು ಸುಮಾರು 160 ಎಕರೆ ತೋಟವಿದ್ದ ಜಾಗದಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. ಅಲ್ಲಿಂದ ಮುಂದೆ ಕಿತ್ತಳೆ ಗಿಡಕ್ಕಿಂತ ಅದು ನಿಂತ ನೆಲಕ್ಕೇ ಬೆಲೆ. ಕೌಂಟಿಗೆ ಹೆಸರು ಕೊಟ್ಟ ಹಣ್ಣನ್ನು ಈಗ ಇಲ್ಲಿಯವರೂ ಅಂಗಡಿಯಿಂದಲೇ ತರುತ್ತಾರೆ.

ಅನಹೈಮ್‌ಗೆ ಅಂಟಿಕೊಂಡಿರುವ ಬ್ಯೂನಾ ಪಾರ್ಕ್ ನಮ್ಮ ಓದುಗರಿಗೆ ಹೆಚ್ಚು ಪರಿಚಿತ ಹೆಸರು. ದಕ್ಷಿಣ ಕ್ಯಾಲಿಫೋರ್ನಿಯಾದ ಜೈನ ಕೇಂದ್ರ ಇರುವುದು ಇಲ್ಲಿಯ ಕಾಮನ್‌ವೆಲ್ತ್ ಅವೆನ್ಯೂನಲ್ಲಿ. ಜಿನಮಂದಿರ, ಸಭಾಭವನ ಮತ್ತು ಮಕ್ಕಳ ಪಾಠಶಾಲೆ ಒಂದೇ ಆವರಣದಲ್ಲಿದ್ದು, ಉತ್ತರ ಅಮೆರಿಕದ ದೊಡ್ಡ ಜೈನ ಕೇಂದ್ರಗಳಲ್ಲಿ ಇದೂ ಒಂದು. ಊರಿನ ಹಳೆಯ ಕಥೆ ಹಣ್ಣಿನದು. ವಾಲ್ಟರ್ ನಾಟ್ ಎಂಬ ರೈತ ಬಾಯ್ಸನ್‌ಬೆರಿ ಎಂಬ ಮಿಶ್ರತಳಿಯ ಹಣ್ಣು ಬೆಳೆದು ರಸ್ತೆ ಬದಿಯಲ್ಲಿ ಮಾರುತ್ತಿದ್ದರು. 1934ರಲ್ಲಿ ಅವರ ಪತ್ನಿ ಕಾರ್ಡೀಲಿಯಾ ಊಟ ಬಡಿಸಲು ತೊಡಗಿದರು. ಕಾಯುವವರ ಸಾಲು ಬೆಳೆದಾಗ ಅವರಿಗೆ ಹೊತ್ತು ಹೋಗಲೆಂದು ನಾಟ್ ಒಂದು ಹಳೆಯ ಕಾಲದ ಊರನ್ನೇ ಕಟ್ಟಿ ನಿಲ್ಲಿಸಿದರು. ಇಂದಿನ ನಾಟ್ಸ್ ಬೆರಿ ಫಾರ್ಮ್ ಮನರಂಜನಾ ಉದ್ಯಾನ ಬೆಳೆದದ್ದು ಹೀಗೆ.

ಬ್ಯೂನಾ ಪಾರ್ಕ್ ನೋಡಲು ಚೆಲುವಾದ ಊರೇನಲ್ಲ. ಆದರೆ ಗಡಿಯಾಚೆ ಲಾಸ್ ಏಂಜಲೀಸ್ ಕೌಂಟಿಗೆ ಸೇರಿದ ಆರ್ಟೀಸಿಯಾದ ಪಯನೀರ್ ಬುಲೆವಾರ್ಡ್ ಹತ್ತಿರವೇ ಇದೆ. ಭಾರತೀಯ ದಿನಸಿ, ಸೀರೆ, ಒಡವೆ, ಚಾಟ್ ಎಲ್ಲವೂ ಆ ಒಂದೇ ಬೀದಿಯಲ್ಲಿ ಸಿಗುತ್ತವೆ. ಇನ್ನೊಂದು ಮಾತನ್ನು ಮನೆ ಹುಡುಕುವವರು ಗಮನದಲ್ಲಿಡಬೇಕು. ಡಿಸೆಂಬರ್‌ನಲ್ಲಿ ಇಲ್ಲಿ ಸಂಜೆ 4.45ರ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಜೂನ್‌ನಲ್ಲಿ 8 ಗಂಟೆ ದಾಟುತ್ತದೆ. ರಾತ್ರಿಭೋಜನ ತ್ಯಾಗ ಮಾಡಿದವರು ಕಚೇರಿಯಿಂದ ಒಂದು ಗಂಟೆ ದೂರದಲ್ಲಿ ಮನೆ ಮಾಡಿದರೆ ಚಳಿಗಾಲದ ಮೂರು ತಿಂಗಳು ಸಂಜೆಯ ಊಟವನ್ನು ಡಬ್ಬಿಯಲ್ಲೇ ಒಯ್ಯಬೇಕಾಗುತ್ತದೆ.

ತುಸು ದಕ್ಷಿಣಕ್ಕೆ ವೆಸ್ಟ್‌ಮಿನ್‌ಸ್ಟರ್ ಮತ್ತು ಗಾರ್ಡನ್ ಗ್ರೋವ್. 1975ರಲ್ಲಿ ಸೈಗಾನ್ ಪತನವಾದ ಮೇಲೆ ಬಂದ ವಿಯೆಟ್ನಾಮೀ ನಿರಾಶ್ರಿತರು ಇಲ್ಲಿ ನೆಲೆಸಿ, ಬಾಡಿಗೆ ಕಡಿಮೆಯಿದ್ದ ಅಂಗಡಿಗಳನ್ನು ಹಿಡಿದು, ಲಿಟಲ್ ಸೈಗಾನ್ ಕಟ್ಟಿದರು. ಅವರಿಗಿಂತ ಮೂರು ದಶಕ ಹಿಂದೆ ಇದೇ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇನ್ನೊಂದು ಹೋರಾಟ ನಡೆದಿತ್ತು. ಮೆಕ್ಸಿಕನ್ ಮೂಲದ ಮಕ್ಕಳನ್ನು ಬೇರೆ ಶಾಲೆಗೆ ದೂಡುತ್ತಿದ್ದ ಪದ್ಧತಿಯ ವಿರುದ್ಧ ಗೊನ್ಸಾಲೊ ಮತ್ತು ಫೆಲಿಸಿಟಾಸ್ ಮೆಂಡೆಸ್ ದಂಪತಿ ಮತ್ತು ಇತರ ಪೋಷಕರು ನ್ಯಾಯಾಲಯಕ್ಕೆ ಹೋದರು. 1946ರಲ್ಲಿ ಗೆದ್ದರು, 1947ರಲ್ಲಿ ಮೇಲ್ಮನವಿಯಲ್ಲೂ ತೀರ್ಪು ಉಳಿಯಿತು. ಇಡೀ ದೇಶದ ಶಾಲೆಗಳಲ್ಲಿ ವರ್ಣಭೇದ ನಿಷೇಧಿಸಿದ 1954ರ ತೀರ್ಪಿಗಿಂತ ಇದು ಏಳು ವರ್ಷ ಮೊದಲಿನದು. ಮೆಂಡೆಸ್ ಕುಟುಂಬ ಗೇಣಿಗೆ ಹಿಡಿದಿದ್ದ ಹೊಲ, ಯುದ್ಧಕಾಲದಲ್ಲಿ ಶಿಬಿರಕ್ಕೆ ಸಾಗಿಸಲ್ಪಟ್ಟ ಜಪಾನಿ ಮೂಲದ ಕುಟುಂಬವೊಂದರದು. ಡಿಸ್ನಿಲ್ಯಾಂಡ್ ನೋಡಲು ಬಂದವರಿಗೆ ಈ ಕಥೆಯನ್ನು ಯಾರೂ ಹೇಳುವುದಿಲ್ಲ.

ಅರ್ವೈನ್: ಯೋಜನೆಯಂತೆ ಬೆಳೆದ ಊರು

ನಮ್ಮವರು ಮನೆ ಹುಡುಕುವಾಗ ಮೊದಲು ಕೇಳುವ ಹೆಸರು ಅರ್ವೈನ್. ಒಂದು ಕಾಲಕ್ಕೆ ಬೆಟ್ಟದ ಬುಡದಿಂದ ಕಡಲವರೆಗೆ, ಕೌಂಟಿಯ ಸುಮಾರು ಐದನೇ ಒಂದು ಭಾಗದಷ್ಟು ನೆಲ ಅರ್ವೈನ್ ಕುಟುಂಬವೊಂದರದೇ ಆಗಿತ್ತು. ಕುರಿ, ಆಮೇಲೆ ಹುರುಳಿ-ಅವರೆ ಜಾತಿಯ ಕಾಳು, ಆಮೇಲೆ ಕಿತ್ತಳೆ. ನೆಲ ಚೂರುಚೂರಾಗಿ ಮಾರಾಟವಾಗದೆ ಒಂದೇ ಕೈಯಲ್ಲಿ ಉಳಿದದ್ದರಿಂದ, ಅದನ್ನು ಒಂದೇ ನಕ್ಷೆಯಡಿ ಊರಾಗಿಸಲು ಸಾಧ್ಯವಾಯಿತು. ವಾಸ್ತುಶಿಲ್ಪಿ ವಿಲಿಯಂ ಪೆರೇರಾ ರೂಪಿಸಿದ ಯೋಜನೆಯ ನಡುವೆ 1965ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹೊಸ ಕ್ಯಾಂಪಸ್ ತೆರೆಯಿತು, 1971ರ ಕೊನೆಯಲ್ಲಿ ಅರ್ವೈನ್ ನಗರವಾಯಿತು. 2020ರಲ್ಲಿ ಇಲ್ಲಿಯ ಜನಸಂಖ್ಯೆ 3 ಲಕ್ಷ ದಾಟಿತ್ತು, ಏಷ್ಯಾ ಮೂಲದವರೇ ಅತಿ ದೊಡ್ಡ ಗುಂಪು.

ನಗರವನ್ನು ‘ವಿಲೇಜ್’ಗಳೆಂಬ ಬಡಾವಣೆಗಳಾಗಿ ವಿಂಗಡಿಸಲಾಗಿದೆ. ಪ್ರತಿಯೊಂದಕ್ಕೂ ತನ್ನ ಶಾಲೆ, ಉದ್ಯಾನ, ಅಂಗಡಿ ಸಂಕೀರ್ಣ. ಶಾಲೆಗಳು ಒಳ್ಳೆಯವು, ರಸ್ತೆಗಳು ಚೊಕ್ಕಟ, ಸೈಕಲ್ ದಾರಿಗಳು ಉದ್ದಕ್ಕೂ ಇವೆ. ಸಂಜೆ ಅಜ್ಜ-ಅಜ್ಜಿಯರು ನಿರ್ಭಯವಾಗಿ ನಡೆದಾಡಬಹುದು. ಮಕ್ಕಳ ಮನೆಗೆ ಆರು ತಿಂಗಳು ಬರುವ ಹಿರಿಯರಿಗೆ ಇದು ಸಣ್ಣ ಮಾತಲ್ಲ. ಆದರೆ ಮನೆಯ ಹೊರಗೋಡೆಗೆ ಯಾವ ಬಣ್ಣ ಬಳಿಯಬಹುದು ಎಂಬುದನ್ನೂ ನಿವಾಸಿಗಳ ಸಂಘ ನಿರ್ಧರಿಸುವ ಊರಿದು. ತಪ್ಪು ಹುಡುಕಲು ಏನೂ ಸಿಗದಿದ್ದರೂ ಎರಡು ವರ್ಷ ಇದ್ದರೂ ಊರು ತನ್ನದೆನಿಸುವುದಿಲ್ಲ ಎನ್ನುವವರೂ ಇದ್ದಾರೆ.

ಹೊಸ ಬಡಾವಣೆಯಲ್ಲಿ ಮನೆ ಕೊಳ್ಳುವವರು ತೆರಿಗೆಯ ಲೆಕ್ಕವನ್ನು ಸರಿಯಾಗಿ ತಿಳಿಯಬೇಕು. 1978ರ 13ನೇ ಪ್ರಸ್ತಾವದ ಪ್ರಕಾರ ಮೂಲ ಆಸ್ತಿ ತೆರಿಗೆ ಕೊಂಡ ಬೆಲೆಯ ಶೇ. 1ಕ್ಕೆ ಸೀಮಿತ, ತೆರಿಗೆಗೆ ಪರಿಗಣಿಸುವ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಆದ್ದರಿಂದ ನಲವತ್ತು ವರ್ಷದಿಂದ ಇರುವವರು ಕಟ್ಟುವ ತೆರಿಗೆಗೂ ಪಕ್ಕದ ಮನೆಗೆ ಈಗ ಬಂದವರು ಕಟ್ಟುವ ತೆರಿಗೆಗೂ ಅಜಗಜಾಂತರ. ಇದರ ಮೇಲೆ ಹೊಸ ಬಡಾವಣೆಗಳಲ್ಲಿ ರಸ್ತೆ, ಶಾಲೆ ಕಟ್ಟಿದ ಸಾಲ ತೀರಿಸಲು ‘ಮೆಲೊ-ರೂಸ್’ ಎಂಬ ವಿಶೇಷ ತೆರಿಗೆ, ಮತ್ತು ನಿವಾಸಿಗಳ ಸಂಘದ ತಿಂಗಳ ವಂತಿಗೆ ಸೇರುತ್ತವೆ. ಮನೆಯ ಬೆಲೆಯನ್ನಷ್ಟೇ ನೋಡಿ ಸಾಲದ ಕಂತು ಲೆಕ್ಕ ಹಾಕಿದವರು ಆಮೇಲೆ ಕಷ್ಟಪಡುತ್ತಾರೆ.

ಕಡಲ ಬದಿಯ ಆರು ಊರುಗಳು

ಕರಾವಳಿಯ ಉದ್ದ ಸುಮಾರು 65 ಕಿ.ಮೀ. ಉತ್ತರದಿಂದ ದಕ್ಷಿಣಕ್ಕೆ ಸೀಲ್ ಬೀಚ್, ಹಂಟಿಂಗ್ಟನ್ ಬೀಚ್, ನ್ಯೂಪೋರ್ಟ್ ಬೀಚ್, ಲಗೂನಾ ಬೀಚ್, ಡೇನಾ ಪಾಯಿಂಟ್, ಸ್ಯಾನ್ ಕ್ಲೆಮೆಂಟೆ. ಇವನ್ನು ಪೋಣಿಸುವ ದಾರಿ ಪೆಸಿಫಿಕ್ ಕೋಸ್ಟ್ ಹೈವೇ.

ದಂಡೆಯ ಮನೆಗಳ ಬೆಲೆ ಸಾಮಾನ್ಯರಿಗೆ ಎಟುಕದು. ಆದರೆ ಕಡಲು ಎಲ್ಲರದು. ಭರತದ ನೀರು ಮುಟ್ಟುವ ಗೆರೆಯಿಂದ ಕೆಳಗಿನ ಒದ್ದೆ ಮರಳು ಇಲ್ಲಿ ಸಾರ್ವಜನಿಕ ಆಸ್ತಿ. 1972ರ ಜನಮತ ಮತ್ತು 1976ರ ಕರಾವಳಿ ಕಾಯ್ದೆಯ ಫಲವಾಗಿ ದಂಡೆಯಲ್ಲಿ ಏನನ್ನು ಕಟ್ಟಬೇಕಾದರೂ ಅನುಮತಿ ಬೇಕು, ಜನರ ದಾರಿಗೆ ಬೇಲಿ ಹಾಕುವಂತಿಲ್ಲ. ಬಂಗಲೆಗಳ ಸಾಲಿನ ನಡುವೆ ಕಿರಿದಾದ ಮೆಟ್ಟಿಲು ಕಂಡರೆ, ಸಾರ್ವಜನಿಕ ದಾರಿ ಎಂಬ ಫಲಕ ಇದ್ದಲ್ಲಿ, ಸಂಕೋಚವಿಲ್ಲದೆ ಇಳಿಯಬಹುದು.

ಹಂಟಿಂಗ್ಟನ್ ಬೀಚ್ ಸರ್ಫಿಂಗ್‌ಗೆ ಹೆಸರಾದ ಊರು. ಇದರ ಉದ್ದನೆಯ ಪಿಯರ್ ಮೇಲೆ ನಿಂತರೆ ಅಲೆಯ ಮೇಲೆ ಹಲಗೆ ಓಡಿಸುವವರನ್ನು ಹತ್ತಿರದಿಂದ ನೋಡಬಹುದು. ಆದರೆ ಊರಿಗೆ ಹಣ ಬಂದದ್ದು ಎಣ್ಣೆಯಿಂದ. ವಿಶ್ವಕೋಶದ ಸಂಪುಟಗಳನ್ನು ಕೊಂಡವರಿಗೆ ಪ್ರಕಾಶಕರು ಇಲ್ಲಿ ಪುಟ್ಟ ನಿವೇಶನಗಳನ್ನು ಪುಕ್ಕಟೆ ಕೊಟ್ಟಿದ್ದರು. 1920ರಲ್ಲಿ ಎಣ್ಣೆ ಸಿಕ್ಕಾಗ ಆ ಓದುಗರಲ್ಲಿ ಕೆಲವರಿಗೆ ಅದೃಷ್ಟ ಖುಲಾಯಿಸಿತು. ಎಣ್ಣೆಯ ಇನ್ನೊಂದು ಮುಖವನ್ನೂ ಊರು ಕಂಡಿದೆ: 2021ರ ಅಕ್ಟೋಬರ್‌ನಲ್ಲಿ ಕಡಲೊಳಗಿನ ಕೊಳವೆ ಸೋರಿ ದಂಡೆಯನ್ನು ಮುಚ್ಚಬೇಕಾಯಿತು.

ಊರಿನ ಅಂಚಿನಲ್ಲಿರುವ ಬೋಲ್ಸಾ ಚೀಕಾ ಜೌಗುನೆಲ ನೋಡಲೇಬೇಕಾದದ್ದು. ಬಾತುಕೋಳಿ ಬೇಟೆಯ ಕ್ಲಬ್ಬೊಂದು 1899ರಲ್ಲಿ ಇಲ್ಲಿಗೆ ಕಡಲ ನೀರು ಬರದಂತೆ ಒಡ್ಡು ಕಟ್ಟಿತು. ಮುಂದೆ ಎಣ್ಣೆಬಾವಿಗಳು ಬಂದವು, ಮನೆ ಕಟ್ಟುವ ಯೋಜನೆಗಳು ಬಂದವು. ಸ್ಥಳೀಯರು ದಶಕಗಳ ಕಾಲ ಅರ್ಜಿ, ದಾವೆ, ಸಭೆಗಳಲ್ಲಿ ಹೋರಾಡಿದರು. 2006ರಲ್ಲಿ, 107 ವರ್ಷಗಳ ನಂತರ, ಕಡಲಿಗೆ ಮತ್ತೆ ಬಾಯಿ ತೆರೆಯಲಾಯಿತು. ಬೇಟೆಗಾರರು ಕಾದು ಕೂರುತ್ತಿದ್ದ ಜಾಗದಲ್ಲಿ ಈಗ ಮಕ್ಕಳು ದುರ್ಬೀನು ಹಿಡಿದು ಹಕ್ಕಿ ಎಣಿಸುತ್ತಾರೆ. ಪಾಠಶಾಲೆಯ ಪ್ರವಾಸಕ್ಕೆ ಇದಕ್ಕಿಂತ ತಕ್ಕ ಸ್ಥಳ ಈ ಕೌಂಟಿಯಲ್ಲಿ ಇನ್ನೊಂದಿಲ್ಲ.

ನ್ಯೂಪೋರ್ಟ್ ಬೀಚ್ ಶ್ರೀಮಂತರ ಊರು. ವಿಹಾರ ನೌಕೆಗಳ ಬಂದರು. ಒಮ್ಮೆಗೆ ಮೂರು ಕಾರು ಹಿಡಿಸುವ ಬಾಲ್ಬೋವಾ ದ್ವೀಪದ ಪುಟ್ಟ ದೋಣಿಸೇವೆ 1919ರಿಂದ ನಡೆಯುತ್ತಿದ್ದು, ಅದರಲ್ಲಿ ಒಮ್ಮೆ ದಾಟಿದರೆ ಊರು ನೋಡಿದಂತೆಯೇ. ನ್ಯೂಪೋರ್ಟ್ ಮತ್ತು ಲಗೂನಾ ನಡುವಿನ ಕ್ರಿಸ್ಟಲ್ ಕೋವ್ ದಂಡೆಯನ್ನು 1979ರಲ್ಲಿ ರಾಜ್ಯ ಕೊಂಡುಕೊಂಡಿತು. ಅಲ್ಲಿರುವ ಹಳೆಯ ಕಾಲದ 46 ಮರದ ಕುಟೀರಗಳು ಬಂಗಲೆಗಳಿಗೆ ಎಡೆಮಾಡಿ ಕೊಡಲಿಲ್ಲ.

ಲಗೂನಾ ಬೀಚ್‌ನ ಮಾತೇ ಬೇರೆ. ಬೆಟ್ಟ ನೇರವಾಗಿ ಕಡಲಿಗೆ ಇಳಿಯುವ ಈ ಜಾಗಕ್ಕೆ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬಂದವರು ಚಿತ್ರಕಾರರು. 1918ರಲ್ಲಿ ಅವರು ಸಂಘ ಕಟ್ಟಿಕೊಂಡರು. ಪ್ರಸಿದ್ಧ ಚಿತ್ರಗಳನ್ನು ಜೀವಂತ ಮನುಷ್ಯರು ಅಲುಗಾಡದೆ ನಿಂತು ವೇದಿಕೆಯ ಮೇಲೆ ಮರುಸೃಷ್ಟಿಸುವ ‘ಪ್ಯಾಜೆಂಟ್ ಆಫ್ ದಿ ಮಾಸ್ಟರ್ಸ್’ 1933ರಲ್ಲಿ ಆರಂಭವಾಗಿ, ಕೆಲವು ವರ್ಷಗಳನ್ನು ಬಿಟ್ಟರೆ ಬೇಸಿಗೆಯಲ್ಲಿ ನಡೆಯುತ್ತ ಬಂದಿದೆ. ಊರಿಗೆ ಒಳನಾಡಿನಿಂದ ಬರಲು ಇರುವ ಮುಖ್ಯ ದಾರಿ ಒಂದು ಕಣಿವೆ. ಆ ಕಣಿವೆಯಲ್ಲಿ 3,200 ಮನೆಗಳ ಬಡಾವಣೆಗೆ ಯೋಜನೆ ಸಿದ್ಧವಾಗಿತ್ತು. ಪುಸ್ತಕದಂಗಡಿ ನಡೆಸುತ್ತಿದ್ದ ಜೇಮ್ಸ್ ಡಿಲ್ಲಿ 1968ರಲ್ಲೇ ಊರ ಸುತ್ತ ಹಸಿರು ಪಟ್ಟಿ ಉಳಿಸುವ ಸಂಸ್ಥೆ ಕಟ್ಟಿದ್ದರು. 1989ರ ನವೆಂಬರ್‌ನಲ್ಲಿ ಸಾವಿರಾರು ಜನ ಕಣಿವೆಯಲ್ಲಿ ಪಾದಯಾತ್ರೆ ಮಾಡಿದರು. ಮರುವರ್ಷ ಊರವರು ಮತ ಹಾಕಿ 2 ಕೋಟಿ ಡಾಲರ್ ತೆರಿಗೆಯ ಭಾರವನ್ನು ತಾವೇ ಹೊತ್ತು ಆ ನೆಲ ಕೊಳ್ಳಲು ಮುಂದಾದರು. ಇಂದು ಕಣಿವೆಯಲ್ಲಿ ಇಳಿದು ಬರುವಾಗ ಎರಡೂ ಬದಿ ಬರಿಯ ಬೆಟ್ಟ ಕಾಣುವುದು ಇದರಿಂದ. ಆ ಬೆಟ್ಟವೇ ಅಪಾಯವೂ ಹೌದು. 1993ರ ಅಕ್ಟೋಬರ್‌ನಲ್ಲಿ ಒಳನಾಡಿನಿಂದ ಬೀಸುವ ಸಾಂಟಾ ಆನಾ ಒಣಗಾಳಿಗೆ ಕಾಡ್ಗಿಚ್ಚು ಹಬ್ಬಿ ಸುಮಾರು 400 ಮನೆಗಳು ಸುಟ್ಟುಹೋದವು. ಬೆಟ್ಟದ ಅಂಚಿನ ಮನೆಗೆ ವಿಮೆ ಸಿಗುವುದೇ ಈಗ ಕಷ್ಟ.

ಡೇನಾ ಪಾಯಿಂಟ್‌ಗೆ ಹೆಸರು ಬಂದದ್ದು 1835ರಲ್ಲಿ ಹಡಗಿನಲ್ಲಿ ಬಂದಿದ್ದ ಲೇಖಕ ರಿಚರ್ಡ್ ಹೆನ್ರಿ ಡೇನಾರಿಂದ; ಆಗ ಇಲ್ಲಿಯ ಬಂಡೆಯ ತುದಿಯಿಂದ ದನದ ಚರ್ಮಗಳನ್ನು ಕೆಳಗೆ ಎಸೆದು ಹಡಗಿಗೆ ತುಂಬುತ್ತಿದ್ದರು. ಈಗ ಇಲ್ಲಿಂದ ತಿಮಿಂಗಿಲ ನೋಡಲು ದೋಣಿಗಳು ಹೊರಡುತ್ತವೆ. ತುಸು ಒಳಗಿರುವ ಸ್ಯಾನ್ ವಾನ್ ಕಪಿಸ್ಟ್ರಾನೊದಲ್ಲಿ 1776ರ ಸ್ಪ್ಯಾನಿಷ್ ಮಿಷನ್ ಇದೆ. ಅದಕ್ಕೂ ಮೊದಲಿನಿಂದ ಈ ನೆಲದಲ್ಲಿ ಬಾಳಿದವರು ಅಹಾಶ್ಮೆನ್ ಜನ. ಅವರ ಸಂತತಿ ಈಗಲೂ ಇದೆ.

ತೆಂಕಣ ತುದಿಯ ಸ್ಯಾನ್ ಕ್ಲೆಮೆಂಟೆಯನ್ನು 1925ರಲ್ಲಿ ಸಿಯಾಟಲ್‌ನ ಮಾಜಿ ಮೇಯರ್ ಓಲೆ ಹ್ಯಾನ್ಸನ್ ಸ್ಪ್ಯಾನಿಷ್ ಹಳ್ಳಿಯ ಮಾದರಿಯಲ್ಲಿ ಕಟ್ಟಿಸಿದರು. ಬಿಳಿ ಗೋಡೆ, ಕೆಂಪು ಹೆಂಚು. ಹೆಂಚಿನ ಮನೆಗಳ ನಡುವೆ ಬೆಳೆದ ನಮ್ಮವರಿಗೆ ಈ ಊರು ಬೇಗ ಹಿಡಿಸುತ್ತದೆ. ಕಡಲಿಗೂ ಬಂಡೆಗೂ ನಡುವೆ ಮರಳಿನ ಮೇಲೆಯೇ ರೈಲು ಓಡುತ್ತದೆ. ಮರಳು ಕೊಚ್ಚಿಹೋಗುತ್ತ, ಬಂಡೆ ಕುಸಿಯುತ್ತ ಬಂದಿರುವುದರಿಂದ 2021ರಿಂದೀಚೆಗೆ ರೈಲುದಾರಿಯನ್ನು ಹಲವು ಸಲ ಮುಚ್ಚಿದ್ದಾರೆ. ರೈಲನ್ನು ಒಳನಾಡಿಗೆ ಸರಿಸಬೇಕೆ, ಕಲ್ಲು ಪೇರಿಸಿ ಉಳಿಸಬೇಕೆ ಎಂಬ ಚರ್ಚೆಯಲ್ಲಿ ಊರು ಇಬ್ಭಾಗವಾಗಿದೆ. ಕಲ್ಲು ಪೇರಿಸಿದರೆ ಹಳಿ ಉಳಿದೀತು, ಮುಂದಿನ ಮರಳು ಹೋದೀತು.

ಭೇಟಿಗೆ ಬರುವವರಿಗೆ

ಮೇ, ಜೂನ್ ತಿಂಗಳಲ್ಲಿ ಕಡಲ ಬದಿಯ ಊರುಗಳಲ್ಲಿ ಮಧ್ಯಾಹ್ನದವರೆಗೂ ಮೋಡ ಮುಸುಕಿರುತ್ತದೆ; ಅದೇ ಹೊತ್ತಿಗೆ ಅನಹೈಮ್‌ನಲ್ಲಿ ಬಿಸಿಲು ಚುರುಗುಟ್ಟುತ್ತಿರುತ್ತದೆ. ಪರ್ಯೂಷಣ, ದಶಲಕ್ಷಣ ಪರ್ವಕ್ಕೆ ಬರುವವರಿಗೆ ಸಮಯ ಅನುಕೂಲವಾಗಿದೆ: ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ ನೀರು ಬೆಚ್ಚಗಿದ್ದು, ಶಾಲೆಗಳು ಆರಂಭವಾಗಿ ದಂಡೆಯ ಜನಜಂಗುಳಿ ಇಳಿದಿರುತ್ತದೆ. ಬ್ಯೂನಾ ಪಾರ್ಕ್‌ನಿಂದ ಲಗೂನಾಗೆ 50 ಕಿ.ಮೀ. ಆಸುಪಾಸು, ಸಂಜೆಯ ದಟ್ಟಣೆಯಲ್ಲಿ ಒಂದು ಗಂಟೆ ದಾಟುವುದು ಸಾಮಾನ್ಯ. ಬೆಳಗಿನ ಪೂಜೆ ಮುಗಿಸಿ ಹತ್ತು ಗಂಟೆಗೆ ಹೊರಟವರು, ಮಧ್ಯಾಹ್ನ ಮೂರಕ್ಕೆ ಮರಳಿ ಹೊರಡುವುದು ಲೇಸು.