ಪ್ರವಾಹ ವಿಮೆ: ಸಿದ್ಧತೆಯಷ್ಟೇ ಮುಖ್ಯ ಪ್ರಾಮಾಣಿಕತೆ

ಅಮೆರಿಕದಲ್ಲಿ ಸಾಮಾನ್ಯ ಗೃಹವಿಮೆಯು ನೆರೆಹಾನಿಯನ್ನು ಭರಿಸುವುದಿಲ್ಲ. ಈ ಕೊರತೆಯನ್ನು ನೀಗಲೆಂದು ಅಲ್ಲಿನ ಸಂಸತ್ತು 1968ರಲ್ಲಿ ರಾಷ್ಟ್ರೀಯ ಪ್ರವಾಹ ವಿಮಾ ಯೋಜನೆಯನ್ನು ರೂಪಿಸಿತು. ಪಾಲಿಸಿಗಳನ್ನು ಬಹುಪಾಲು ಖಾಸಗಿ ಕಂಪನಿಗಳೇ ಮಾರುತ್ತವೆ. ಪರಿಹಾರದ ಹೊಣೆ ಸರ್ಕಾರದ್ದು. ವಾಸದ ಮನೆಗೆ ಗರಿಷ್ಠ 2.5 ಲಕ್ಷ ಡಾಲರ್, ಒಳಗಿನ ವಸ್ತುಗಳಿಗೆ 1 ಲಕ್ಷ ಡಾಲರ್ ರಕ್ಷಣೆಯುಂಟು.

ಮೋಡ ಕವಿದ ಮೇಲೆ ವಿಮೆ ಮಾಡಿಸಿ ಪ್ರಯೋಜನವಿಲ್ಲ. ಪಾಲಿಸಿ ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ ಬೇಕು. ಹಾನಿಯಾದ 60 ದಿನಗಳೊಳಗೆ ಸಹಿ ಮಾಡಿದ ನಷ್ಟದ ಪ್ರಮಾಣಪತ್ರವನ್ನು ಸಲ್ಲಿಸಬೇಕೆಂಬುದು ಪಾಲಿಸಿಯ ಷರತ್ತು. ಇವನ್ನು ಗ್ರಾಹಕರಿಗೆ ತಿಳಿಹೇಳಬೇಕಾದ ಏಜೆಂಟರಿಗೆ 2004ರ ಸುಧಾರಣಾ ಕಾಯ್ದೆಯು ಕನಿಷ್ಠ ತರಬೇತಿಯನ್ನು ವಿಧಿಸಿತು.

ಆದರೆ ತರಬೇತಿಯೊಂದೇ ಸಾಲದು. 2012ರ ಅಕ್ಟೋಬರ್ 29ರಂದು ಸ್ಯಾಂಡಿ ಚಂಡಮಾರುತವು ನ್ಯೂಜೆರ್ಸಿ ತೀರಕ್ಕೆ ಅಪ್ಪಳಿಸಿದಾಗ ಪಕ್ಕದ ನ್ಯೂಯಾರ್ಕ್ ರಾಜ್ಯವೂ ನೀರಿನಲ್ಲಿ ಮುಳುಗಿತು. ಅಲ್ಲಿನ ಲಾಂಗ್ ಬೀಚ್‌ನ ಮನೆಯೊಂದನ್ನು ಪರಿಶೀಲಿಸಿದ ಎಂಜಿನಿಯರ್, ಹಾನಿಗೆ ನೆರೆಯೇ ಕಾರಣವೆಂದು ಬರೆದರು. ಮನೆಯನ್ನು ನೋಡಿಯೇ ಇರದ ಇನ್ನೊಬ್ಬರು ವರದಿಯನ್ನು ತಿದ್ದಿ, ಹಳೆಯ ಶಿಥಿಲತೆಯೇ ಕಾರಣವೆಂದರು. 2014ರ ನವೆಂಬರ್‌ನಲ್ಲಿ ಫೆಡರಲ್ ನ್ಯಾಯಾಲಯವು ಇದನ್ನು ಖಂಡಿಸಿ, ಸ್ಯಾಂಡಿಯ ಇತರ ಮೊಕದ್ದಮೆಗಳಲ್ಲಿಯೂ ಕರಡು ವರದಿಗಳನ್ನು ಒಪ್ಪಿಸುವಂತೆ ಆದೇಶಿಸಿತು. ಯೋಜನೆಯ ಹೊಣೆ ಹೊತ್ತ ತುರ್ತು ನಿರ್ವಹಣಾ ಸಂಸ್ಥೆ ಫೆಮಾ, 2015ರಲ್ಲಿ ಸುಮಾರು 1.42 ಲಕ್ಷ ಪಾಲಿಸಿದಾರರಿಗೆ ಮರುಪರಿಶೀಲನೆಯ ಅವಕಾಶವನ್ನು ನೀಡಿತು.

ವಂಚನೆ ಒಂದೇ ಕಡೆಯದಲ್ಲ. 2005ರ ಕತ್ರಿನಾ ಚಂಡಮಾರುತದ ಬಳಿಕ ಸುಳ್ಳು ಅರ್ಜಿಗಳಿಂದ ಪರಿಹಾರ ಪಡೆದವರನ್ನು ಶಿಕ್ಷಿಸಲು ನ್ಯಾಯಾಂಗ ಇಲಾಖೆಯು ವಿಶೇಷ ಕಾರ್ಯಪಡೆಯನ್ನೇ ರಚಿಸಬೇಕಾಯಿತು.

ನೆರೆಗೆ ಮೊದಲೇ ತೆಗೆದಿಟ್ಟ ಮನೆಯ ಛಾಯಾಚಿತ್ರಗಳು, ಜೋಪಾನವಾಗಿಟ್ಟ ರಸೀದಿಗಳು, ಪರಿಶೀಲಕರಿಂದ ಕೇಳಿ ಪಡೆದ ವರದಿಯ ಪ್ರತಿ: ಪ್ರಾಮಾಣಿಕ ಸಂತ್ರಸ್ತನಿಗೆ ಇವೇ ಆಸರೆ.