ಸಿಹಿ ಸೆಂಟ್ ಹಾಕಿಕೊಂಡರೆ ಸೊಳ್ಳೆ ಹೆಚ್ಚು ಕಚ್ಚುತ್ತಾ, ಓಡಿಹೋಗುತ್ತಾ?

ಮಳೆಗಾಲ ಶುರುವಾದರೆ ಸೊಳ್ಳೆ ಜೊತೆಗೆ ಫಾರ್ವರ್ಡ್‌ಗಳೂ ಬರುತ್ತವೆ. ಹೆಬ್ಬಾಳ ಕೆಂಪಾಪುರದಂಥ ಕಡೆ, ಕಾಲೇಜು ಮತ್ತು ಪಿಜಿಗಳು ಒತ್ತೊತ್ತಾಗಿರುವಲ್ಲಿ, ಹುಡುಗಿಯರ ಗ್ರೂಪ್‌ಗಳಿಗೆ ಎರಡು ಬಗೆಯ ಸಲಹೆ ಬರುತ್ತದೆ. ಒಂದು, "ಹಣ್ಣು-ಹೂವಿನ ಸಿಹಿ ವಾಸನೆಯ ಸೆಂಟ್ ಹಾಕಬೇಡಿ, ಸೊಳ್ಳೆ ಮುತ್ತಿಕೊಳ್ಳುತ್ತದೆ." ಇನ್ನೊಂದು ಇದಕ್ಕೆ ತದ್ವಿರುದ್ಧ: "ಸೊಳ್ಳೆ ಕ್ರೀಮ್ ಬೇಡ, ಪರ್ಫ್ಯೂಮ್ ಸಾಕು, ವಿಜ್ಞಾನಿಗಳೇ ಹೇಳಿದ್ದಾರೆ." ಇವುಗಳಲ್ಲಿ ಯಾವುದು ನಿಜ?

ಚುಟುಕಾಗಿ ಹೇಳುವುದಾದರೆ, ಎರಡೂ ಅರ್ಧ ಸತ್ಯ. ಎರಡನೆಯದನ್ನು ನಂಬಿದರೆ ಅಪಾಯ ಹೆಚ್ಚು.

ಸೊಳ್ಳೆ ನಮ್ಮನ್ನು ಹುಡುಕುವುದು ಹೇಗೆ?

ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ. ಮೊಟ್ಟೆ ಬೆಳೆಯಲು ಅದಕ್ಕೆ ರಕ್ತದ ಪ್ರೋಟೀನ್ ಬೇಕು. ನಾವು ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಶಾಖ, ಬೆವರಿನ ಲ್ಯಾಕ್ಟಿಕ್ ಆಮ್ಲ, ಚರ್ಮದ ಮೇಲಿನ ಕೊಬ್ಬಿನಾಮ್ಲಗಳು ಅದಕ್ಕೆ ದಾರಿ ತೋರಿಸುತ್ತವೆ. ಹೊಟ್ಟೆಪಾಡಿಗೆ ಮಾತ್ರ ಗಂಡು, ಹೆಣ್ಣು ಎರಡೂ ಹೂವಿನ ಮಕರಂದ ಹೀರುತ್ತವೆ. "ಹೂವಿನ ವಾಸನೆಗೆ ಸೊಳ್ಳೆ ಬರುತ್ತದೆ" ಎಂಬ ಮಾತಿಗೆ ಇರುವ ಆಧಾರ ಇಷ್ಟೇ.

ಆದರೆ ಬಾಟಲಿಯೊಳಗೆ ಇರುವುದು ಬರೀ ಹೂವಲ್ಲ. ಪೀಚ್, ಸೇಬು, ಸ್ಟ್ರಾಬೆರಿಯಂಥ ಹಣ್ಣನ್ನು ಭಟ್ಟಿ ಇಳಿಸಿದರೆ ಸೆಂಟಿಗೆ ಬೇಕಾದ ಎಣ್ಣೆ ಸಿಗುವುದಿಲ್ಲ. ಹಾಗಾಗಿ ಆ ವಾಸನೆಯನ್ನು ಎಸ್ಟರ್, ಲ್ಯಾಕ್ಟೋನ್ ಮುಂತಾದ ರಾಸಾಯನಿಕಗಳಿಂದ ಕಟ್ಟುತ್ತಾರೆ. ಹತ್ತಾರು ಅಂಶಗಳು ಸೇರಿದ ಈ ಮಿಶ್ರಣ ನಮ್ಮ ಮೂಗಿಗೆ ಹೂವು ಎನಿಸಿದರೂ ಸೊಳ್ಳೆಗೆ ಹಾಗೇ ಎನಿಸಬೇಕಿಲ್ಲ.

ಪ್ರಯೋಗ ಏನು ಹೇಳಿತು?

ಅಮೆರಿಕದ ನ್ಯೂ ಮೆಕ್ಸಿಕೊ ಸ್ಟೇಟ್ ಯೂನಿವರ್ಸಿಟಿಯ ಸಂಶೋಧಕರು 2015ರಲ್ಲಿ ಇದನ್ನು ಪರೀಕ್ಷಿಸಿದರು. ಇಂಗ್ಲಿಷ್ ವೈ ಅಕ್ಷರದಂತೆ ಕವಲೊಡೆದ ಕೊಳವೆಯಲ್ಲಿ ಸೊಳ್ಳೆ ಬಿಟ್ಟು, ಮನುಷ್ಯನ ಕೈ ಇರುವ ಕಡೆಗೆ ಅವು ಬರುತ್ತವೆಯೇ ಎಂದು ನೋಡಿದರು. ಬಳಸಿದ್ದು ಡೆಂಗಿ ಹರಡುವ ಈಡಿಸ್ ಜಾತಿಯ ಎರಡು ಬಗೆಯ ಸೊಳ್ಳೆಗಳನ್ನು. ಡೀಟ್ ಇರುವ ಮತ್ತು ಇಲ್ಲದ ಸೊಳ್ಳೆ ನಿವಾರಕಗಳ ಜೊತೆಗೆ ವಿಕ್ಟೋರಿಯಾಸ್ ಸೀಕ್ರೆಟ್ ಕಂಪನಿಯ 'ಬಾಂಬ್‌ಶೆಲ್' ಎಂಬ ಹಣ್ಣು-ಹೂವಿನ ಪರ್ಫ್ಯೂಮನ್ನೂ ಸೇರಿಸಿದ್ದರು. ಇಂಥ ವಾಸನೆಗೆ ಸೊಳ್ಳೆ ಮುತ್ತುತ್ತದೆ ಎಂಬ ನಂಬಿಕೆ ಅಲ್ಲೂ ಇತ್ತು.

ಫಲಿತಾಂಶ ಉಲ್ಟಾ ಬಂತು. ಆ ಪರ್ಫ್ಯೂಮ್ ಸುಮಾರು 2 ಗಂಟೆ ಸೊಳ್ಳೆಗಳನ್ನು ದೂರ ಇಟ್ಟಿತು. ವಿಟಮಿನ್ ಬಿ1 ಪ್ಯಾಚ್ ಮಾತ್ರ ಏನೂ ಕೆಲಸ ಮಾಡಲಿಲ್ಲ.

ಹಾಗಾದರೆ ಸೆಂಟ್ ಸಾಕೇ?

ಸಾಲದು. ಮೊದಲನೆಯದಾಗಿ, ಪ್ರಯೋಗದಲ್ಲಿ ಪರ್ಫ್ಯೂಮನ್ನು ಸಾಕಷ್ಟು ಹೆಚ್ಚಿನ ಪ್ರಮಾಣದಲ್ಲೇ ಹಚ್ಚಿದ್ದರು. ಕುತ್ತಿಗೆಗೆ, ಮಣಿಕಟ್ಟಿಗೆ ಒಂದೆರಡು ಸಲ ಸಿಂಪಡಿಸಿಕೊಂಡರೆ ಅದೇ ಫಲ ಸಿಗುತ್ತದೆ ಎನ್ನಲಾಗದು.

ಎರಡನೆಯದಾಗಿ, ಒಂದು ಬ್ರ್ಯಾಂಡಿನ ಫಲಿತಾಂಶ ಎಲ್ಲ ಬ್ರ್ಯಾಂಡಿಗೂ ಹೊಂದುವುದಿಲ್ಲ. ವರ್ಜೀನಿಯಾ ಟೆಕ್ ಸಂಶೋಧಕರು 2023ರಲ್ಲಿ ನಾಲ್ಕು ಬ್ರ್ಯಾಂಡಿನ ಸೋಪುಗಳನ್ನು ಪರೀಕ್ಷಿಸಿದಾಗ, ಕೆಲವು ಸೋಪು ಕೆಲವರ ಕಡೆಗೆ ಸೊಳ್ಳೆಯನ್ನು ಹೆಚ್ಚು ಸೆಳೆದವು. ಸೋಪಿನ ಸುವಾಸನೆ ಮತ್ತು ಅವರವರ ಮೈವಾಸನೆ ಸೇರಿ ಏನಾಗುತ್ತದೆ ಎನ್ನುವುದೇ ಮುಖ್ಯ. ಗೆಳತಿಗೆ ಸೊಳ್ಳೆ ಕಚ್ಚಲಿಲ್ಲ ಎಂದರೆ ನಿಮಗೂ ಕಚ್ಚುವುದಿಲ್ಲ ಎಂದಲ್ಲ.

ಮೂರನೆಯದಾಗಿ, ಸೆಂಟನ್ನು ಮೈತುಂಬ ಬಳಿದುಕೊಳ್ಳುವುದು ಸುರಕ್ಷಿತವಲ್ಲ. ಅದರಲ್ಲಿ ಹೆಚ್ಚಿನ ಪಾಲು ಆಲ್ಕೋಹಾಲ್. ಒಲೆ ಅಥವಾ ದೇವರ ದೀಪದ ಹತ್ತಿರ ಸಿಂಪಡಿಸಿದರೆ ಬೆಂಕಿ ಹತ್ತಿಕೊಳ್ಳಬಹುದು. ಲಿಮೋನೀನ್, ಲಿನಾಲೂಲ್‌ನಂಥ ಸುವಾಸನೆಯ ಅಂಶಗಳು ಗಾಳಿಗೆ ತೆರೆದುಕೊಂಡಾಗ ಬದಲಾಗಿ, ಕೆಲವರಿಗೆ ತುರಿಕೆ ಮತ್ತು ಅಲರ್ಜಿ ತರುತ್ತವೆ. ಆಸ್ತಮಾ, ಮೈಗ್ರೇನ್ ಇರುವವರಿಗೆ ಗಾಢ ವಾಸನೆಯೇ ತೊಂದರೆ ಮಾಡಬಹುದು.

ಕೆರೆಯನ್ನು ಬೈಯುವ ಮೊದಲು

ಈ ಭಾಗದಲ್ಲಿ ಸೊಳ್ಳೆ ಎಂದರೆ ಹೆಬ್ಬಾಳ ಕೆರೆಯ ಕಡೆ ಬೆರಳು ತೋರಿಸುವವರಿದ್ದಾರೆ. ಆದರೆ ಕೊಳಕು ನೀರಿನಲ್ಲಿ ಹೆಚ್ಚುವುದು ಮುಖ್ಯವಾಗಿ ಕ್ಯೂಲೆಕ್ಸ್ ಸೊಳ್ಳೆ. ಡೆಂಗಿ ತರುವ ಈಡಿಸ್ ನಮ್ಮ ಮನೆಯದೇ ಸೊಳ್ಳೆ. ಡ್ರಮ್, ಮುಚ್ಚದ ಸಂಪು, ಹೂಕುಂಡದ ತಟ್ಟೆ, ಟೆರೇಸಿನ ಹಳೇ ಟೈರು, ತೆಂಗಿನ ಚಿಪ್ಪು, ಎಲ್ಲೇ ಸ್ವಲ್ಪ ತಿಳಿನೀರು ನಿಂತರೂ ಮೊಟ್ಟೆ ಇಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಇದು ಕಚ್ಚುವುದು ಹಗಲಲ್ಲಿ, ಅದರಲ್ಲೂ ಬೆಳಗ್ಗೆ ಮತ್ತು ಸಂಜೆ ಹೊತ್ತು ಮುಳುಗುವ ಮುಂಚೆ. ಅಂದರೆ ಕಾಲೇಜಿಗೆ ಹೊರಡುವ ಹೊತ್ತು, ವಾಪಸ್ ಬರುವ ಹೊತ್ತು. ರಾತ್ರಿಯ ಸೊಳ್ಳೆಪರದೆ ಒಂದೇ ಸಾಲದಿರುವುದು ಇದಕ್ಕೇ.

2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯುವಂತೆ ನೀರು ನಿಲ್ಲಲು ಬಿಟ್ಟವರಿಗೆ ದಂಡದ ನಿಯಮ ತಂದಿತು.

ಏನು ಮಾಡಬೇಕು?

• ವಾರಕ್ಕೊಮ್ಮೆ ಡ್ರಮ್, ಬಕೆಟ್ ಖಾಲಿ ಮಾಡಿ, ತಿಕ್ಕಿ ತೊಳೆದು, ಒಣಗಿಸಿ. ಪಿಜಿಯಲ್ಲಿದ್ದರೆ ಟೆರೇಸ್ ಮತ್ತು ಸಂಪು ನೋಡುವಂತೆ ಮಾಲೀಕರಿಗೆ ಹೇಳಿ.
• ಡೀಟ್, ಪಿಕಾರಿಡಿನ್‌ನಂಥ ಅಂಶ ಇರುವ ನಿವಾರಕವನ್ನು ಲೇಬಲ್‌ನಲ್ಲಿ ಹೇಳಿದಂತೆ ಹಚ್ಚಿ. ಸನ್‌ಸ್ಕ್ರೀನ್ ಮೊದಲು, ನಿವಾರಕ ಆಮೇಲೆ.
• ಸೆಂಟ್ ಇಷ್ಟವಿದ್ದರೆ ಹಾಕಿಕೊಳ್ಳಿ. ಅದನ್ನು ನಿವಾರಕದ ಬದಲಿಗೆ ಬಳಸಬೇಡಿ.
• ಜ್ವರ ಬಂದರೆ ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ. ಡೆಂಗಿಯಾಗಿದ್ದರೆ ಇವುಗಳಿಂದ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ವೈದ್ಯರನ್ನು ಕಾಣಿ.

ಒಟ್ಟಿನಲ್ಲಿ: "ಸಿಹಿ ಸೆಂಟ್ ಸೊಳ್ಳೆಯನ್ನು ಸೆಳೆಯುತ್ತದೆ" ಎಂದು ಸಾರಾಸಗಟಾಗಿ ಹೇಳಲು ಆಧಾರವಿಲ್ಲ. "ಸೆಂಟ್ ಇದ್ದರೆ ಡೆಂಗಿ ಬರಲ್ಲ" ಎನ್ನುವುದು ದಾರಿ ತಪ್ಪಿಸುವ ಮಾತು. ಆ ಸಂದೇಶ ಗ್ರೂಪಿಗೆ ಬಂದರೆ ಮುಂದೆ ಕಳಿಸಬೇಡಿ. ಅದರ ಬದಲು ಟೆರೇಸಿನಲ್ಲಿ ನೀರು ನಿಂತಿದೆಯಾ ಎಂದು ಕೇಳಿ.