ಆಟದ ಕಾರ್ಡುಗಳ ವಿರಳತೆ ಮತ್ತು ಬೆಲೆ

ಮಾಟಗಾರರು, ಭೂತಗಳು, ಡ್ರ್ಯಾಗನ್‌ಗಳು ತುಂಬಿದ ಕಲ್ಪನಾಲೋಕದ ಆಟದ ಕಾರ್ಡುಗಳಿಗೆ ಮರುಮಾರಾಟದಲ್ಲಿ ಬೆಲೆ ಬರುವುದು ಅವು ವಿರಳವಾಗಿರುವುದರಿಂದಲೇ ಎಂಬುದು ಈ ಲೇಖನದ ಪ್ರಶ್ನೆ. ಸಿಗದ ಕಾರ್ಡೆಲ್ಲ ದುಬಾರಿ ಎಂಬ ನಂಬಿಕೆ ಸಂಗ್ರಾಹಕರಲ್ಲಿ ಬಲವಾಗಿದೆ. ಮೂರು ದಶಕಗಳ ಮಾರುಕಟ್ಟೆಯ ಚರಿತ್ರೆ ಅದನ್ನು ಅರೆಮಟ್ಟಿಗೆ ಮಾತ್ರ ಒಪ್ಪುತ್ತದೆ. ಇದನ್ನು ಒರೆಗೆ ಹಚ್ಚಲು ಮ್ಯಾಜಿಕ್: ದ ಗ್ಯಾದರಿಂಗ್‌ಗಿಂತ ಅನುಕೂಲವಾದ ಆಟವಿಲ್ಲ. ಈ ಬಗೆಯ ಆಟಗಳಲ್ಲಿ ಅದೇ ಮೊದಲನೆಯದು. ಅದರ ಆರಂಭದ ಮುದ್ರಣಗಳಲ್ಲಿ ಯಾವ ಕಾರ್ಡು ಎಷ್ಟು ಪ್ರತಿ ಹೊರಬಂತು ಎಂಬುದೂ ಹೆಚ್ಚುಕಡಿಮೆ ತಿಳಿದಿದೆ.

ಹಿನ್ನೆಲೆ

ಮ್ಯಾಜಿಕ್ ಆಟವನ್ನು ರೂಪಿಸಿದವರು ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್‌ಫೀಲ್ಡ್. ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿ ಅದನ್ನು 1993ರ ಆಗಸ್ಟ್‌ನಲ್ಲಿ ಮಾರುಕಟ್ಟೆಗೆ ತಂದಿತು. ಇಸ್ಪೀಟಿನಂತೆ ಇಲ್ಲಿ ಎಲ್ಲರಿಗೂ ಒಂದೇ ಕಟ್ಟು ಇರುವುದಿಲ್ಲ. ಆಟಗಾರರು ಮುಚ್ಚಿದ ಪೊಟ್ಟಣಗಳನ್ನು ಕೊಂಡು, ಒಳಗೆ ಸಿಕ್ಕ ಕಾರ್ಡುಗಳಲ್ಲಿ ಬೇಕಾದವನ್ನು ಆರಿಸಿ, ಉಳಿದವನ್ನು ವಿನಿಮಯ ಮಾಡಿಕೊಂಡು ತಮ್ಮದೇ ಕಟ್ಟು ಕಟ್ಟಿಕೊಳ್ಳುತ್ತಾರೆ. 15 ಕಾರ್ಡುಗಳ ಪೊಟ್ಟಣದಲ್ಲಿ 11 ಕಾಮನ್, 3 ಅನ್‌ಕಾಮನ್, 1 ರೇರ್ ಎಂಬುದು ಬಹುಕಾಲ ನಡೆದುಬಂದ ಲೆಕ್ಕ. ಯಾವ ಕಾರ್ಡು ಯಾವ ದರ್ಜೆಯದು ಎಂದು ಗುರುತಿನ ಬಣ್ಣದಿಂದ ತೋರಿಸುವ ಪದ್ಧತಿ 1998ರ ಎಕ್ಸೋಡಸ್ ಸಂಪುಟದಿಂದ ಬಂತು. ಅಲ್ಲಿಯವರೆಗೆ ಕಾರ್ಡನ್ನು ನೋಡಿದ ಮಾತ್ರಕ್ಕೆ ಅದರ ದರ್ಜೆ ತಿಳಿಯುತ್ತಿರಲಿಲ್ಲ.

ವಿರಳತೆಯನ್ನು ಗಾರ್‌ಫೀಲ್ಡ್ ಆಟದ ಸಮತೋಲಕ್ಕಾಗಿಯೂ ನೆಚ್ಚಿಕೊಂಡಿದ್ದರು. ಜನ ಒಂದು ಸಾಮಾನ್ಯ ಆಟದ ಪೆಟ್ಟಿಗೆಗೆ ಕೊಡುವಷ್ಟೇ ಹಣವನ್ನು ಇದಕ್ಕೂ ಖರ್ಚುಮಾಡುತ್ತಾರೆ, ಹಾಗಾಗಿ ಅತಿಬಲದ ಕಾರ್ಡು ಒಂದು ಗೆಳೆಯರ ಗುಂಪಿನಲ್ಲಿ ಒಂದೋ ಎರಡೋ ಇದ್ದೀತು ಎಂಬುದು ಲೆಕ್ಕಾಚಾರ. ಆದರೆ ಜನ ಪೆಟ್ಟಿಗೆಗಟ್ಟಲೆ ಕೊಂಡರು. 1994ರ ಆರಂಭದಲ್ಲೇ ಒಂದು ಕಟ್ಟಿನಲ್ಲಿ ಒಂದೇ ಹೆಸರಿನ ಕಾರ್ಡು ನಾಲ್ಕಕ್ಕಿಂತ ಹೆಚ್ಚಿರಬಾರದು, ಕೆಲವಂತೂ ಒಂದೇ ಇರಬೇಕು ಎಂಬ ಸ್ಪರ್ಧಾ ನಿಯಮ ತರಬೇಕಾಯಿತು.

ಒಂದೇ ಮುದ್ರಣ, ಬೇರೆ ಬೆಲೆ

ಅಲ್ಫಾ ಎಂದು ಕರೆಯಲಾಗುವ ಮೊದಲ ಮುದ್ರಣದಲ್ಲಿ ಪ್ರತಿ ರೇರ್ ಕಾರ್ಡಿನ ಸುಮಾರು 1,100 ಪ್ರತಿಗಳು ಬಂದವು. ಅದರ ಬೆನ್ನಿಗೇ ಬಂದ ಬೀಟಾದಲ್ಲಿ ಸುಮಾರು 3,300, ಅದೇ ವರ್ಷದ ಕೊನೆಯ ಅನ್‌ಲಿಮಿಟೆಡ್‌ನಲ್ಲಿ ಸುಮಾರು 18,500. ಈ ಮೂರರಲ್ಲೂ ಬ್ಲ್ಯಾಕ್ ಲೋಟಸ್ ಎಂಬ ರೇರ್ ಕಾರ್ಡಿದೆ. ಅದನ್ನು ಆಡಲು ಏನನ್ನೂ ತೆರಬೇಕಿಲ್ಲ; ಬಲಿಕೊಟ್ಟರೆ ಒಂದೇ ಏಟಿಗೆ ಮೂರು ಘಟಕ ಮಾಂತ್ರಿಕ ಶಕ್ತಿ ಸಿಗುತ್ತದೆ. ಎದುರಾಳಿ ಮೂರು ಸರದಿಯಲ್ಲಿ ಮುಟ್ಟುವ ಹಂತವನ್ನು ಇದನ್ನು ಹಿಡಿದವನು ಮೊದಲ ಸರದಿಯಲ್ಲೇ ಮುಟ್ಟುತ್ತಾನೆ. ಅದೇ ಮುದ್ರಣಗಳಲ್ಲಿ ಕೇಯಾಸ್‌ಲೇಸ್ ಎಂಬ ಕಾರ್ಡೂ ಇದೆ. ಅದೂ ರೇರ್, ಅದರ ಪ್ರತಿಗಳೂ ಅಷ್ಟೇ. ಅದು ಮಾಡುವ ಕೆಲಸ ಇನ್ನೊಂದು ಕಾರ್ಡಿನ ಬಣ್ಣವನ್ನು ಕೆಂಪಾಗಿಸುವುದು, ಅಷ್ಟೇ. ಆಡುವವರು ಅದನ್ನು ಅಂದೂ ಕೇಳಲಿಲ್ಲ, ಇಂದೂ ಕೇಳುವುದಿಲ್ಲ.

ಅಲ್ಫಾದ ಕೇಯಾಸ್‌ಲೇಸ್ ನೂರಾರು ಡಾಲರಿಗೆ ಸಿಗುತ್ತದೆ. ಅಲ್ಫಾದ ಬ್ಲ್ಯಾಕ್ ಲೋಟಸ್ ಅಂಚು ಸವೆದಿದ್ದರೂ ಹತ್ತಾರು ಸಾವಿರ ಡಾಲರ್ ಬಾಳುತ್ತದೆ. 2021ರ ಜನವರಿಯಲ್ಲಿ ಒಂದು ನಿಷ್ಕಳಂಕ ಪ್ರತಿ 5,11,100 ಡಾಲರಿಗೆ ಹರಾಜಾಯಿತು. ಪ್ರತಿಗಳ ಸಂಖ್ಯೆ, ಮುದ್ರಣದ ವರ್ಷ, ಕಾಗದ, ಶಾಯಿ ಎಲ್ಲ ಒಂದೇ ಆಗಿರುವ ಎರಡು ಕಾರ್ಡುಗಳ ನಡುವಿನ ಈ ಅಂತರವನ್ನು ವಿರಳತೆಯಿಂದ ವಿವರಿಸಲು ಬರುವುದಿಲ್ಲ. ಹಾಗೆಂದು ಕೇಯಾಸ್‌ಲೇಸಿಗೆ ಬರುವ ನೂರಾರು ಡಾಲರನ್ನು ತಳ್ಳಿಹಾಕುವಂತೆಯೂ ಇಲ್ಲ. ಅಲ್ಫಾವನ್ನು ಪೂರ್ತಿ ಕೂಡಿಸಲು ಹೊರಟವರಿಗೆ ಅದೂ ಬೇಕು. ವಿರಳತೆಯೊಂದರಿಂದಲೇ ಎಷ್ಟು ಹುಟ್ಟುತ್ತದೆ ಎಂಬುದಕ್ಕೆ ಅದೇ ಅಳತೆ.

1993ರಲ್ಲೇ ಬಂದ ಕಲೆಕ್ಟರ್ಸ್ ಎಡಿಷನ್ ಇನ್ನೂ ಕುತೂಹಲಕರ. ಬೀಟಾದ ಕಾರ್ಡುಗಳನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿಟ್ಟು ಮಾರಿದ ಈ ಆವೃತ್ತಿಯನ್ನು, ಅದರ ಅಂತಾರಾಷ್ಟ್ರೀಯ ಆವೃತ್ತಿಯನ್ನೂ ಸೇರಿಸಿ, ಸುಮಾರು 15,000 ಮಾತ್ರ ಅಚ್ಚು ಹಾಕಲಾಯಿತು. ಅಂದರೆ ಅದರ ಬ್ಲ್ಯಾಕ್ ಲೋಟಸ್ ಅನ್‌ಲಿಮಿಟೆಡ್‌ನ ಬ್ಲ್ಯಾಕ್ ಲೋಟಸ್‌ಗಿಂತ ವಿರಳ. ಬೆಲೆ ಮಾತ್ರ ಬಹಳ ಕಡಿಮೆ. ಅದರ ಮೂಲೆಗಳು ಚೂಪು, ಹಿಂಬದಿಗೆ ಚಿನ್ನದ ಬಣ್ಣದ ಅಂಚು. ಅಧಿಕೃತ ಸ್ಪರ್ಧೆಗಳಲ್ಲಿ ಅದಕ್ಕೆ ಪ್ರವೇಶವಿಲ್ಲ. ಸಂಗ್ರಾಹಕರಿಗೆಂದೇ ಹೆಸರಿಟ್ಟು ಮಾಡಿದ ಕಾರ್ಡನ್ನು ಸಂಗ್ರಾಹಕರೇ ಎರಡನೆಯ ಪಂಕ್ತಿಯಲ್ಲಿ ಕೂರಿಸಿದರು.

ಇದರ ತಿರುಗುಮುರುಗೂ ಉಂಟು. 1994ರ ರಿವೈಸ್ಡ್ ಆವೃತ್ತಿಯಲ್ಲಿ ಪ್ರತಿ ರೇರ್ ಕಾರ್ಡಿನ ಸುಮಾರು 2,89,000 ಪ್ರತಿಗಳಿವೆ. ಆದರೂ ಅದರಲ್ಲಿನ ಅಂಡರ್‌ಗ್ರೌಂಡ್ ಸೀ, ವಾಲ್ಕ್ಯಾನಿಕ್ ಐಲ್ಯಾಂಡ್‌ನಂಥ ಎರಡು ಬಣ್ಣದ ಶಕ್ತಿ ಕೊಡುವ ಭೂಮಿ ಕಾರ್ಡುಗಳು ನೂರಾರು ಡಾಲರ್ ಬಾಳುತ್ತವೆ. ಹಳೆಯ ಕಾರ್ಡುಗಳಿಗೆ ಅವಕಾಶವಿರುವ ಆಟಗಳಲ್ಲಿ ಎರಡು ಬಣ್ಣದ ಕಟ್ಟು ಕಟ್ಟುವವರಿಗೆಲ್ಲ ಅವು ಬೇಕು, ಅದೂ ಒಬ್ಬೊಬ್ಬರಿಗೆ ಮೂರು ನಾಲ್ಕು. 2000ದ ಪ್ರಾಫೆಸಿ ಸಂಪುಟದ ರಿಸ್ಟಿಕ್ ಸ್ಟಡಿ ಬರೀ ಕಾಮನ್ ದರ್ಜೆಯದು. ಇಬ್ಬರ ಆಟದಲ್ಲಿ ಅದನ್ನು ಯಾರೂ ಮೂಸಿ ನೋಡಲಿಲ್ಲ. ಕಮಾಂಡರ್ ಎಂಬ, ಸಾಮಾನ್ಯವಾಗಿ ನಾಲ್ವರು ಕೂತು ಆಡುವ 100 ಕಾರ್ಡಿನ ಆಟ ಜನಪ್ರಿಯವಾದಾಗ ಎದುರಾಳಿಗಳು ಮೂರಾದರು, ಎದುರಾಳಿಗಳ ನಡೆಗಳಿಂದ ಈ ಕಾರ್ಡು ತರುವ ಲಾಭವೂ ಅಷ್ಟೇ ಪಟ್ಟು ಬೆಳೆಯಿತು. ಚಿಲ್ಲರೆಗೆ ಸಿಗುತ್ತಿದ್ದದ್ದು ಹತ್ತಾರು ಡಾಲರಿಗೆ ಏರಿತು.

ಪೋಕೆಮಾನ್ ಕಾರ್ಡುಗಳಲ್ಲಿ ಬೇಡಿಕೆಗೆ ಆಟದ ನಂಟೂ ಅಷ್ಟಾಗಿ ಇಲ್ಲ. 1999ರ ಮೊದಲ ಇಂಗ್ಲಿಷ್ ಮುದ್ರಣದಲ್ಲಿ ಚಾರಿಜಾರ್ಡ್ ಮತ್ತು ಚಾನ್ಸಿ ಎರಡೂ ಒಂದೇ ದರ್ಜೆಯ ಹೊಳಪಿನ ಕಾರ್ಡುಗಳು. ಬೆಂಕಿಯುಗುಳುವ ಚಾರಿಜಾರ್ಡ್ ಟಿವಿ ಕಾರ್ಟೂನ್ ನೋಡಿ ಬೆಳೆದ ಒಂದು ಇಡೀ ಪೀಳಿಗೆಯ ಮುದ್ದಿನ ಪಾತ್ರ. 2022ರಲ್ಲಿ ಅದರ ಕಲೆಯಿಲ್ಲದ ಒಂದು ಪ್ರತಿ 4,20,000 ಡಾಲರಿಗೆ ಹೋಯಿತು. ಗುಲಾಬಿ ಬಣ್ಣದ ಗುಂಡು ಚಾನ್ಸಿ ಅದರ ಹತ್ತಿರವೂ ಸುಳಿಯುವುದಿಲ್ಲ.

ಮರುಮುದ್ರಣದ ಭಯ

ವಿರಳತೆಗೆ ಆಧಾರ ಪ್ರಕಾಶಕನ ಮಾತು. ಬೇಕೆಂದರೆ ನಾಳೆಯೇ ಅಚ್ಚು ಹಾಕಬಲ್ಲ ವಸ್ತು ಇದು; ಚಿನ್ನದಂತೆ ನೆಲದಿಂದ ಅಗೆಯಬೇಕಿಲ್ಲ. 1994ರ ನವೆಂಬರಿನ ಫಾಲನ್ ಎಂಪೈರ್ಸ್ ಸಂಪುಟವನ್ನು ಸುಮಾರು 35 ಕೋಟಿ ಕಾರ್ಡುಗಳಷ್ಟು ಅಚ್ಚು ಹಾಕಿದ್ದರಿಂದ ಅಂಗಡಿಗಳಲ್ಲಿ ಪೊಟ್ಟಣಗಳು ಕೊಳೆತವು. 1995ರ ಕ್ರಾನಿಕಲ್ಸ್ ಸಂಪುಟ, ಲೆಜೆಂಡ್ಸ್ ಮೊದಲಾದ ಹಳೆಯ ಸಂಪುಟಗಳ ಕಾರ್ಡುಗಳನ್ನು ಮತ್ತೆ ಹಂಚಿತು. ಹೆಚ್ಚು ಕೊಟ್ಟು ಕೊಂಡಿದ್ದವರು ಸಿಡಿದೆದ್ದರು. 1996ರಲ್ಲಿ ಕಂಪನಿ, ಇಂತಿಂಥ ಕಾರ್ಡುಗಳನ್ನು ಇನ್ನೆಂದೂ ಮುದ್ರಿಸುವುದಿಲ್ಲ ಎಂದು ರಿಸರ್ವ್ಡ್ ಲಿಸ್ಟ್ ಪ್ರಕಟಿಸಿತು. ಬ್ಲ್ಯಾಕ್ ಲೋಟಸ್ ಮತ್ತು ರಿವೈಸ್ಡ್‌ನ ಎರಡು ಬಣ್ಣದ ಭೂಮಿ ಕಾರ್ಡುಗಳು ಅದರಲ್ಲಿವೆ. ಇಂದಿನ ಅವುಗಳ ಬೆಲೆಯಲ್ಲಿ ಗಣನೀಯ ಪಾಲು ಈ ವಾಗ್ದಾನದ್ದು. ಕೇಯಾಸ್‌ಲೇಸ್ ಮತ್ತೆ ಮತ್ತೆ ಅಚ್ಚಾದ ಕಾರ್ಡು. ಅದಕ್ಕೆ ಈ ರಕ್ಷಣೆ ಸಿಗಲಿಲ್ಲ, ಯಾರೂ ಬೇಡಲೂ ಇಲ್ಲ.

ಮರುಮುದ್ರಣವಾದರೆ ಬೆಲೆ ಬಿದ್ದೇ ಬೀಳುತ್ತದೆ ಎನ್ನುವಂತಿಲ್ಲ. 2007ರ ಟಾರ್ಮೊಗಾಯ್ಫ್ ಎಂಬ ಕಾರ್ಡನ್ನು 2013ರ ಮಾಡರ್ನ್ ಮಾಸ್ಟರ್ಸ್ ಸಂಪುಟದಲ್ಲಿ ಮರಳಿ ಮುದ್ರಿಸಿದಾಗ ಅದರ ಬೆಲೆ ಏರಿತು. ಆ ಸಂಪುಟ ಮಾಡರ್ನ್ ಎಂಬ ಆಟದ ಪ್ರಕಾರಕ್ಕೆ ಹೊಸಬರನ್ನು ಎಳೆದು ತಂದಿತ್ತು. ಬಂದವರಿಗೆಲ್ಲ ನಾಲ್ಕು ನಾಲ್ಕು ಟಾರ್ಮೊಗಾಯ್ಫ್ ಬೇಕಾದವು. ಹೊಸ ಪ್ರತಿಗಳು ಸಾಲಲಿಲ್ಲ. ಕೆಲವು ವರ್ಷಗಳ ಬಳಿಕ ಅದಕ್ಕಿಂತ ಚುರುಕಾದ ಕಾರ್ಡುಗಳು ಬಂದು ಅದು ಕಟ್ಟುಗಳಿಂದ ಜಾರಿತು, ಬೆಲೆಯೂ ಜಾರಿತು.

ಬೇಕೆಂದೇ ಮಾಡಿದ ವಿರಳತೆ

1994ರಲ್ಲಿ ಅಚ್ಚಿನ ದೋಷಗಳಿಂದಾಗಿ ಬಹುಪಾಲು ನಾಶಪಡಿಸಿದ, ಸಮ್ಮರ್ ಮ್ಯಾಜಿಕ್ ಎಂದು ಕರೆಯಲಾಗುವ ಮುದ್ರಣದ ಕೆಲವು ಪೆಟ್ಟಿಗೆಗಳು ಹೇಗೋ ಉಳಿದುಕೊಂಡವು. ಅದರಲ್ಲಿ ಹಸಿರಾಗಿರಬೇಕಿದ್ದ ಹರಿಕೇನ್ ಕಾರ್ಡು ನೀಲಿ ಚೌಕಟ್ಟಿನಲ್ಲಿ ಅಚ್ಚಾಗಿದೆ. ಬೇರೆ ಮುದ್ರಣಗಳಲ್ಲಿ ಪುಡಿಗಾಸಿನ ಈ ಕಾರ್ಡಿನ ನೀಲಿ ಪ್ರತಿಗೆ ಸಾವಿರಾರು ಡಾಲರ್. ಇಲ್ಲಿ ಆಟದ ಬಲದ ಮಾತೇ ಬರುವುದಿಲ್ಲ, ತಪ್ಪಿನ ಕಥೆಗೇ ಬೆಲೆ.

ಈ ಹಸಿವನ್ನು ಅರಿತ ಪ್ರಕಾಶಕರು ವಿರಳತೆಯನ್ನು ತಾವೇ ತಯಾರಿಸತೊಡಗಿದರು. 2008ರಲ್ಲಿ ರೇರ್‌ನ ಮೇಲೆ ಮಿಥಿಕ್ ರೇರ್ ಎಂಬ ದರ್ಜೆ ಬಂತು. ಸುಮಾರು ಎಂಟು ಪೊಟ್ಟಣಕ್ಕೆ ಒಂದು. 2023ರ ಲಾರ್ಡ್ ಆಫ್ ದ ರಿಂಗ್ಸ್ ಸಂಪುಟದಲ್ಲಿ ಒನ್ ರಿಂಗ್ ಕಾರ್ಡಿನ ಒಂದೇ ಒಂದು ವಿಶೇಷ ಪ್ರತಿಯನ್ನು ಪೊಟ್ಟಣಗಳ ನಡುವೆ ಬಚ್ಚಿಡಲಾಯಿತು. ಅದು ಕೆನಡಾದಲ್ಲಿ ಸಿಕ್ಕಿತು. ಗಾಯಕ ಪೋಸ್ಟ್ ಮಲೋನ್ ಅದನ್ನು ಸುಮಾರು 20 ಲಕ್ಷ ಡಾಲರಿಗೆ ಕೊಂಡರೆಂದು ವರದಿಯಾಯಿತು. ಲಾರ್ಡ್ ಆಫ್ ದ ರಿಂಗ್ಸ್ ಬರೆದ ಟೋಲ್ಕಿನ್ನರ ಕಥೆಯಲ್ಲೂ ಆ ಉಂಗುರ ಒಂದೇ. ಸಂಖ್ಯೆಗೆ ಕಥೆಯ ಬೆಂಬಲವಿದ್ದದ್ದು ಈ ಯೋಜನೆಯ ಜಾಣತನ.

ಅದಕ್ಕೂ ಹಿಂದಿನ ವರ್ಷ ಅದೇ ಕಂಪನಿ ಆಟದ 30ನೇ ವಾರ್ಷಿಕೋತ್ಸವಕ್ಕೆಂದು ಬೀಟಾದ ಕಾರ್ಡುಗಳ ಪ್ರತಿರೂಪಗಳನ್ನು ಹೊರತಂದಿತ್ತು. 15 ಕಾರ್ಡಿನ ನಾಲ್ಕು ಪೊಟ್ಟಣಕ್ಕೆ 999 ಡಾಲರ್. ಒಳಗೆ ಬ್ಲ್ಯಾಕ್ ಲೋಟಸ್ ಸಿಕ್ಕರೂ ಸ್ಪರ್ಧೆಯಲ್ಲಿ ಆಡುವಂತಿಲ್ಲ. ಆಟಗಾರರು ಛೀಮಾರಿ ಹಾಕಿದರು. 2022ರ ನವೆಂಬರಿನಲ್ಲಿ ಬ್ಯಾಂಕ್ ಆಫ್ ಅಮೆರಿಕದ ವಿಶ್ಲೇಷಕರು, ಕಂಪನಿ ಮಿತಿಮೀರಿ ಕಾರ್ಡು ಮುದ್ರಿಸಿ ಆಟದ ಮೌಲ್ಯವನ್ನೇ ಕೆಡಿಸುತ್ತಿದೆ ಎಂಬ ಕಾರಣ ಕೊಟ್ಟು ಅದರ ಮಾತೃಸಂಸ್ಥೆ ಹಾಸ್‌ಬ್ರೋದ ಷೇರಿನ ಶ್ರೇಯಾಂಕವನ್ನು ಇಳಿಸಿದರು.